ಹಿತ್ತಲ ಗಿಡ ಪಾಠವಲ್ಲ

“ಕನ್ನಡದಲ್ಲಿ ವಿಜ್ಞಾನ ಹೇಳಲು ಪದಗಳೆಲ್ಲಿವೆ?” ಎನ್ನುವವರ ಜೊತೆ ನನಗೆ ಹಳೆಯ ಜಗಳವಿದೆ. “ಇಲ್ಲದೆ ಏನು, ನಾವು ಹೊಸದಾಗಿ ಮಾಡಿಕೊಟ್ಟಿದ್ದೇವಲ್ಲ” ಎಂದು ಸಂಸ್ಕೃತದ ಸಮಾಸಗಳನ್ನು ಮೂಟೆ ಕಟ್ಟಿ ಮಕ್ಕಳ ಬೆನ್ನಿಗೆ ಹೇರುವವರ ಜೊತೆಗೂ ಅಷ್ಟೇ ಹಳೆಯ ಜಗಳ. ಮೇಲುನೋಟಕ್ಕೆ ಇವರಿಬ್ಬರೂ ಎದುರಾಳಿಗಳು. ಒಬ್ಬರು ಇಂಗ್ಲಿಷಿನ ಕಡೆ, ಇನ್ನೊಬ್ಬರು ಕನ್ನಡದ ಕಡೆ. ಆದರೆ ಒಂದು ವಿಷಯದಲ್ಲಿ ಇಬ್ಬರಿಗೂ ಒಮ್ಮತ. ಅಡಿಗೆಮನೆ, ಹಿತ್ತಿಲು, ಹೂವಿನ ಬುಟ್ಟಿ, ಬಾಣಂತಿ ಕೋಣೆ, ಇಲ್ಲೆಲ್ಲ ಆಡುವ ಮಾತು ವಿಜ್ಞಾನಕ್ಕೆ ಆಗಿಬರುವುದಿಲ್ಲ. ಬಿಡಿಸಿ ಹೇಳಬೇಕೆಂದರೆ, ಹೆಂಗಸರು ಆಡುವ ಮಾತು ಆಗಿಬರುವುದಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂಬುದು ಹಳೆಯ ಗಾದೆ. ಹಿತ್ತಲ ಗಿಡ ಪಾಠವೂ ಅಲ್ಲ ಎಂಬುದು ಇವರು ಅದಕ್ಕೆ ಅಂಟಿಸಿದ ಬಾಲ.

ವಿಜ್ಞಾನದ ಎಲ್ಲ ಪದಗಳ ಬಗ್ಗೆ ನಾನು ಮಾತಾಡುತ್ತಿಲ್ಲ. ಒಂದೇ ಒಂದು ಬಗೆಯ ಪದಗಳು ಸಾಕು. ಜೀವವಿರುವ ವಸ್ತುಗಳಲ್ಲಿ ಯಾವುದು ಎಲ್ಲಿದೆ, ಯಾವುದರ ಪಕ್ಕ ಯಾವುದು, ಯಾವುದು ಮೇಲೆ ಯಾವುದು ಕೆಳಗೆ, ಎಷ್ಟು ಸಾಲು, ಎಷ್ಟು ಸುತ್ತು ಎಂದು ಹೇಳುವ ಪದಗಳು. ಕಾಂಡದ ಮೇಲೆ ಎಲೆ ಕೂತ ರೀತಿ, ಹೂವು ಗೊಂಚಲಾದ ರೀತಿ, ನಮ್ಮ ಹೊಟ್ಟೆಯೊಳಗೆ ಗರ್ಭಕೋಶ ಒರಗಿಕೊಂಡ ರೀತಿ. ಇದನ್ನು ತಿಳಿಯಲು ಮೊದಲು ಬೇಕಾದದ್ದು ಕಣ್ಣು ಮತ್ತು ಕೈ. ಸೊಪ್ಪು ಸೋಸಿ, ಕಾಳು ಬಿಡಿಸಿ, ತರಕಾರಿ ಹೆಚ್ಚಿ, ಹೂ ಕಟ್ಟಿ ಜೀವಮಾನ ಕಳೆಯುವವರಿಗೆ ಈ ಎರಡೂ ಸಾಕಷ್ಟು ಇವೆ.

ನಮ್ಮ ಬೀದಿಯ ಹುಡುಗಿಯೊಬ್ಬಳು ಪರೀಕ್ಷೆ ಹತ್ತಿರ ಬಂದಾಗ ಪುಸ್ತಕ ಹಿಡಿದು ನನ್ನ ಬಳಿ ಬರುತ್ತಿದ್ದಳು. ನಾನು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದಿದವಳು ಎಂಬುದು ಅವಳ ಅಮ್ಮನಿಗೆ ಹೇಗೋ ಗೊತ್ತಾಗಿತ್ತು. “ಪರ್ಣವಿನ್ಯಾಸದಲ್ಲಿ ಮೂರು ವಿಧ. ಪರ್ಯಾಯ, ಅಭಿಮುಖ, ಆವರ್ತ” ಎಂದು ಒಂದೇ ಉಸಿರಿನಲ್ಲಿ ಒಪ್ಪಿಸಿದಳು. “ಅಂದರೇನಮ್ಮಾ?” ಎಂದೆ. “ಅಂದರೆ ಅಷ್ಟೇ ಆಂಟಿ, ಎರಡು ಮಾರ್ಕಿಗೆ ಬರುತ್ತೆ” ಎಂದಳು.

ಅವಳನ್ನು ಹಿತ್ತಿಲಿಗೆ ಕರೆದುಕೊಂಡು ಹೋದೆ. ದಾಸವಾಳದ ಕೊಂಬೆಯಲ್ಲಿ ಒಂದು ಗಿಣ್ಣಿಗೆ ಒಂದೇ ಎಲೆ. ಒಂದು ಈ ಕಡೆಗಾದರೆ ಮುಂದಿನದು ಇನ್ನೊಂದು ಕಡೆ. ಮಲ್ಲಿಗೆಯಲ್ಲಿ ಒಂದೇ ಗಿಣ್ಣಿನಲ್ಲಿ ಎರಡು ಎಲೆ, ಎದುರುಬದುರು. ತುಳಸಿಯಲ್ಲೂ ಹಾಗೆಯೇ. ಜೊತೆಗೆ ಕೆಳಗಿನ ಜೋಡಿ ಉದ್ದಕ್ಕಿದ್ದರೆ ಮೇಲಿನ ಜೋಡಿ ಅಡ್ಡಕ್ಕೆ. ತಲೆಯ ಮೇಲಿನಿಂದ ನೋಡಿದರೆ ಕೂಡುವ ಲೆಕ್ಕದ ಗುರುತಿನಂತೆ ಕಾಣುತ್ತದೆ. ಕಣಗಿಲೆಯಲ್ಲಿ ಒಂದು ಗಿಣ್ಣಿನ ಸುತ್ತ ಮೂರು ಎಲೆ. ಮೇಲಿನ ಎಲೆಯ ನೆರಳು ನೇರ ಕೆಳಗಿನದರ ಮೇಲೆ ಬೀಳದಂತೆ ಗಿಡ ಮಾಡಿಕೊಂಡ ಏರ್ಪಾಡು ಇದು. “ಅಯ್ಯೋ, ಇಷ್ಟೇನಾ ಆಂಟಿ!” ಎಂದಳು. ಎದುರುಬದುರು ಎಂದರೇನೆಂದು ಅವಳಿಗೆ ಗೊತ್ತಿರಲಿಲ್ಲವೆ? ಈ ಕಡೆ ಎರಡು, ಆ ಕಡೆ ಎರಡು ಮೊಗ್ಗಿಟ್ಟು ದಾರ ಸುತ್ತುವುದನ್ನು ಅವಳು ಎಂಟನೆಯ ವಯಸ್ಸಿನಲ್ಲೇ ಕಲಿತಿದ್ದಳು. ಕೈಗೆ ಗೊತ್ತಿದ್ದದ್ದನ್ನು ಪುಸ್ತಕ ಕೇಳಲಿಲ್ಲ, ಅಷ್ಟೆ.

ಹೀಗೆ ಕೇಳದೆ ಬಿಟ್ಟದ್ದು ಒಂದೆರಡಲ್ಲ. “ಸಾರಿಗೆ ಎರಡು ಎಸಳು ಕರಿಬೇವು ಹಾಕು” ಎನ್ನುತ್ತೇವೆ. ಎರಡು ಎಸಳು ಎಂದರೆ ಚಿಕ್ಕ ಎಲೆಗಳಲ್ಲಿ ಎರಡಲ್ಲ, ಕಡ್ಡಿಸಮೇತ ಎರಡು. ಸಸ್ಯಶಾಸ್ತ್ರ ಹೇಳುವುದೂ ಅದನ್ನೇ. ಆ ಇಡೀ ಕಡ್ಡಿ ಒಂದೇ ಎಲೆ. ಅದರ ಮೇಲಿನ ಹತ್ತಿಪ್ಪತ್ತು ತುಣುಕುಗಳು ಎಲೆಯ ಭಾಗಗಳು. ಎಲೆ ಕಾಂಡಕ್ಕೆ ಸೇರುವ ಸಂದಿನಲ್ಲಿ ಚಿಗುರುವ ಕಣ್ಣು ಇರುತ್ತದೆ. ಕರಿಬೇವಿನಲ್ಲಿ ಅದು ತುಣುಕುಗಳ ಬುಡದಲ್ಲಿಲ್ಲ, ಇಡೀ ಕಡ್ಡಿಯ ಬುಡದಲ್ಲಿದೆ. ತುಳಸಿ ಹಬ್ಬಕ್ಕೆ ತರುವ ನೆಲ್ಲಿಯ ಕೊಂಬೆಯನ್ನು ನೋಡಿ. ಅದರ ಸಣ್ಣ ಕಡ್ಡಿಗಳು ನೋಟಕ್ಕೆ ಹಾಗೆಯೇ ಇದ್ದರೂ ಅಲ್ಲಿ ಪುಟ್ಟ ಎಲೆಗಳ ಬುಡದಲ್ಲೇ ಹೂ, ಕಾಯಿ ಕೂರುತ್ತವೆ. ಆದ್ದರಿಂದ ಅಲ್ಲಿ ಒಂದೊಂದೂ ಬೇರೆ ಬೇರೆ ಎಲೆಯೇ. ಬಿಲ್ವದಲ್ಲಿ ಮೂರು ದಳ ಸೇರಿ ಒಂದು ಪತ್ರೆ. ಮೂರರಲ್ಲಿ ಒಂದು ಮುಕ್ಕಾದರೆ ಪೂಜೆಗೆ ಇಡುವುದಿಲ್ಲ, ಏಕೆಂದರೆ ಪತ್ರೆ ಪೂರ್ತಿಯಾಗಲಿಲ್ಲ. ಸಂಯುಕ್ತ ಪತ್ರ ಎಂಬ ಪಾಠವನ್ನು ನಮ್ಮ ದೇವರಕೋಣೆ ಯಾವತ್ತೋ ಮಾಡಿ ಮುಗಿಸಿದೆ.

ಬಾಳೆಗೆ ಗೊನೆ, ರಾಗಿಗೆ ತೆನೆ, ದ್ರಾಕ್ಷಿಗೆ ಗೊಂಚಲು, ತುಳಸಿಗೆ ಕದಿರು, ಅಡಿಕೆಗೆ ಹೊಂಬಾಳೆ. ಹೂಗಳೂ ಕಾಯಿಗಳೂ ಜೋಡಣೆಗೊಂಡ ರೀತಿ ಬೇರೆಯಾದಂತೆ ಹೆಸರೂ ಬೇರೆ. ಗೊನೆಯೊಳಗೆ ಮತ್ತೆ ಚಿಪ್ಪು, ಚಿಪ್ಪಿನೊಳಗೆ ಕಾಯಿ. ಬಾಳೆಹೂವಿನ ಪಲ್ಯ ಮಾಡುವಾಗ ಒಂದೊಂದೇ ಕೆಂಪು ಹೊದಿಕೆ ತೆಗೆದರೆ ಕೆಳಗೆ ಒಂದು ಸಾಲು ಪುಟ್ಟ ಹೂಗಳು ಕಾಣುತ್ತವೆ. ಒಂದು ಹೊದಿಕೆಯಡಿಯ ಒಂದು ಸಾಲೇ ಮುಂದೆ ಒಂದು ಚಿಪ್ಪಾಗುವುದು. ಮೊದಲ ಸಾಲುಗಳು ಹೆಣ್ಣು ಹೂವಿನವು, ಕಾಯಾಗುತ್ತವೆ. ತುದಿಯವು ಗಂಡು ಹೂವಿನವು, ಉದುರುತ್ತವೆ. ಇಲ್ಲವೇ ನಮ್ಮ ಬಾಣಲೆಗೆ ಬರುತ್ತವೆ. ಎಷ್ಟು ಬೇಯಿಸಿದರೂ ಬೇಯದು ಎಂದು ಪ್ರತಿ ಹೂವಿನಿಂದಲೂ ಕಿತ್ತೆಸೆಯುತ್ತೇವಲ್ಲ, ತುದಿ ದಪ್ಪಗಿರುವ ಗಟ್ಟಿ ಕಡ್ಡಿ, ಅದೇ ಪಠ್ಯಪುಸ್ತಕದ ಶಲಾಕೆ. ಗಂಡು ಹೂವಿನಲ್ಲಿ ಅದಕ್ಕೆ ಕೆಲಸವಿಲ್ಲ, ಆದರೂ ನಿಂತಿರುತ್ತದೆ. ನೂರಾರು ಶಲಾಕೆ ಕಿತ್ತ ಕೈಗೆ “ಶಲಾಕೆಯ ಚಿತ್ರ ಬರೆದು ಭಾಗಗಳನ್ನು ಗುರುತಿಸಿ” ಎಂಬ ಪ್ರಶ್ನೆ ಬಂದಾಗ ನಡುಕ ಬರುತ್ತದೆಂದರೆ ತಪ್ಪು ಕೈಯದ್ದೆ?

ಹಲಸಿನ ಒಂದು ತೊಳೆ ಒಂದು ಹೂವಿನಿಂದ ಆದದ್ದು. ತೊಳೆಗಳ ನಡುವಿನ ನಾರು ಕಾಯಿಕಟ್ಟದೆ ಉಳಿದ ಹೂಗಳು. ಸಿಪ್ಪೆಯ ಮೇಲಿನ ಒಂದೊಂದು ಮುಳ್ಳೂ ಒಂದೊಂದು ಹೂವಿನ ತುದಿ. ಜಡೆಗೆ ಮುಡಿಯುವ ಸೇವಂತಿಗೆಯೂ ಒಂದು ಹೂವಲ್ಲ, ಒಂದು ಸಂತೆ. ನಾವು ಎಸಳು ಎಂದು ಕೀಳುವ ಒಂದೊಂದೂ ಒಂದು ಪೂರ್ತಿ ಹೂವು. ಇನ್ನು ಆ ಹುಡುಗಿಯ ನೋಟ್ಸಿನಲ್ಲಿ “ಊರ್ಧ್ವಸ್ಥಿತ ಅಂಡಾಶಯ, ಅಧಃಸ್ಥಿತ ಅಂಡಾಶಯ” ಎಂದಿತ್ತು. ಬದನೆಕಾಯಿಯನ್ನೂ ಸೀಬೆಕಾಯಿಯನ್ನೂ ಪಕ್ಕಪಕ್ಕ ಇಟ್ಟೆ. ಬದನೆಗೆ ಹಸಿರು ಟೋಪಿ ತೊಟ್ಟಿನ ಕಡೆ ಇದೆ. ಅಂದರೆ ಹೂವಿನ ಬಟ್ಟಲಿನ ಮೇಲೆ ಕಾಯಿ ಕೂತಿತ್ತು. ಸೀಬೆಗೆ ಒಣಗಿದ ಕಿರೀಟ ತೊಟ್ಟಿನ ಎದುರು ತುದಿಯಲ್ಲಿದೆ. ಅಂದರೆ ಕಾಯಿ ಕೆಳಗಿತ್ತು, ಹೂವು ಅದರ ನೆತ್ತಿಯ ಮೇಲೆ ಅರಳಿತ್ತು. ದಾಳಿಂಬೆ, ಕುಂಬಳ, ಹೀರೆ ಎಲ್ಲ ಸೀಬೆಯ ಪಂಗಡ. ಇಷ್ಟು ಕಂಡ ಮೇಲೆ ಊರ್ಧ್ವ, ಅಧಃ ಎಂಬ ಪದಗಳೂ ಅವಳ ಬಾಯಲ್ಲಿ ತಾವಾಗಿ ನಿಂತವು. ಪದದಿಂದ ವಸ್ತುವಿಗೆ ಹೋಗುವ ದಾರಿ ಕಡಿದಾದದ್ದು. ವಸ್ತುವಿನಿಂದ ಪದಕ್ಕೆ ಬರುವ ದಾರಿ ಇಳಿಜಾರು. ನಮ್ಮ ಪಾಠಗಳು ಮಕ್ಕಳನ್ನು ಯಾವಾಗಲೂ ಕಡಿದಾದ ದಾರಿಯಲ್ಲೇ ಏಕೆ ಹತ್ತಿಸುತ್ತವೆ?

“ಮನೆಮಾತಿನಲ್ಲಿ ಗಾಂಭೀರ್ಯವಿಲ್ಲ” ಎನ್ನುತ್ತಾರೆ. ಯಾರ ಗಾಂಭೀರ್ಯವನ್ನು ನೋಡಿ ಈ ಮಾತು? ಲ್ಯಾಟಿನ್ನಿನ ಗಂಭೀರ ಪದಗಳನ್ನು ಸ್ವಲ್ಪ ಕೆರೆದು ನೋಡಿ. ಶಲಾಕೆಗೆ ಅವರು ಇಟ್ಟ ಪಿಸ್ಟಿಲ್ ಎಂಬ ಹೆಸರು ಒರಳಲ್ಲಿ ಕುಟ್ಟುವ ಕುಟ್ಟಾಣಿಯದು. ಕೇಸರಕ್ಕೆ ಅವರೆನ್ನುವ ಸ್ಟೇಮನ್, ಮಗ್ಗದ ಹಾಸಿನ ನೂಲು. ಹೂಗೊಂಚಲಿಗೆ ರೇಸೀಮ್ ಎಂದರೆ ದ್ರಾಕ್ಷಿಗೊಂಚಲು, ಅಂಬೆಲ್ ಎಂದರೆ ಪುಟ್ಟ ಕೊಡೆ. ದೇಹಕ್ಕೆ ಬಂದರೆ ಮೊಣಕಾಲ ಚಿಪ್ಪಿನ ಪಟೆಲ್ಲಾ ಒಂದು ಸಣ್ಣ ತಟ್ಟೆ, ಸೊಂಟದ ಪೆಲ್ವಿಸ್ ಒಂದು ಬೋಗುಣಿ. ಬಸಿರಿನಲ್ಲಿ ಕೂಸಿಗೆ ಉಣಿಸುವ ಪ್ಲಾಸೆಂಟಾ, ನಾವು ಮಾಸು ಎನ್ನುವುದು, ರೋಮಿನವರ ಚಪ್ಪಟೆ ಭಕ್ಷ್ಯವೊಂದರ ಹೆಸರು. ನೋಡಿದಿರಾ? ಪಂಡಿತರ ಶಾಸ್ತ್ರವೆಲ್ಲ ಅಡಿಗೆಮನೆಯ ಕಪಾಟಿನಿಂದ ಕಡ ತಂದದ್ದು. ಅವರ ಕುಟ್ಟಾಣಿ ಶಾಸ್ತ್ರವಾಗಬಹುದು, ನಮ್ಮ ಒನಕೆ ಮಾತ್ರ ಹಳ್ಳಿಗಮಾರಿತನ!

“ಮನೆಮಾತಿನಲ್ಲಿ ಖಚಿತತೆಯಿಲ್ಲ” ಎನ್ನುವವರ ಮಾತಿನಲ್ಲಿ ಅರ್ಧ ಸತ್ಯವಿದೆ, ಅದನ್ನು ಒಪ್ಪಬೇಕು. ಎಸಳು ಎಂದರೆ ದಾಸವಾಳದ ಎಸಳೂ ಆಯಿತು, ಕರಿಬೇವಿನ ಎಸಳೂ ಆಯಿತು, ಬೆಳ್ಳುಳ್ಳಿಯ ಎಸಳೂ ಆಯಿತು. ಸಸ್ಯಶಾಸ್ತ್ರಕ್ಕೆ ಈ ಮೂರೂ ಬೇರೆ ಬೇರೆ. ಊರಿಂದ ಊರಿಗೆ ತೊಳೆ ಸೊಳೆಯಾಗುತ್ತದೆ. ಹಾಗಾಗಿ ಎಲ್ಲರೂ ಒಪ್ಪುವ ಪದ ಬೇಕು, ಅದಕ್ಕೊಂದು ಗಡಿ ಹಾಕಬೇಕು. ಆದರೆ ಖಚಿತತೆ ಗಡಿ ಹಾಕುವುದರಿಂದ ಬರುತ್ತದೆ, ಭಾಷೆಯಿಂದಲ್ಲ. ಸಂಸ್ಕೃತದ ದಳ ಮಾತ್ರ ಏನು ಕಡಿಮೆ? ಬಿಲ್ವದಲ್ಲಿ ಅದು ಎಲೆಯ ತುಂಡು, ಪುಷ್ಪದಳದಲ್ಲಿ ಹೂವಿನ ಎಸಳು, ಅಗ್ನಿಶಾಮಕ ದಳದಲ್ಲಿ ಬೆಂಕಿ ಆರಿಸುವವರ ಗುಂಪು. ಯಾರಿಗೂ ಗೊಂದಲವಾಗಿಲ್ಲ. ಅಭಿಮುಖ ಎಂಬ ಪದ ಪುಸ್ತಕದಲ್ಲಿರಲಿ, ನನ್ನ ತಕರಾರಿಲ್ಲ. ಅದರ ಪಕ್ಕದಲ್ಲಿ ಎದುರುಬದುರು ಎಂದು ಬರೆದರೆ ಶಾಯಿ ಎಷ್ಟು ಖರ್ಚಾಗುತ್ತದೆ?

“ಹೇಗೂ ಮುಂದೆ ಇಂಗ್ಲಿಷಿನಲ್ಲೇ ಓದಬೇಕಲ್ಲ” ಎನ್ನುವುದು ಮೂರನೆಯ ಮಾತು, ಪೇಟೆಯ ತಾಯಂದಿರು ಹೆಚ್ಚಾಗಿ ಹೇಳುವುದು. ಓದಲಿ, ಬೇಡವೆಂದವರು ಯಾರು? ವಸ್ತು ಗೊತ್ತಿದ್ದವಳು ಇಂಗ್ಲಿಷಿನ ಹೆಸರನ್ನು ಒಂದು ವಾರದಲ್ಲಿ ಕಲಿಯುತ್ತಾಳೆ. ಹೆಸರಷ್ಟೇ ಗೊತ್ತಿದ್ದವಳು ವಸ್ತುವನ್ನು ವರ್ಷವಾದರೂ ಕಲಿಯುವುದಿಲ್ಲ. ಅಲ್ಲದೆ ಮುಂದೆ ಓದುವವರು ಎಷ್ಟು ಮಂದಿ? ಓದು ನಿಂತ ಮೇಲೂ ದೇಹ ಜೊತೆಗಿರುತ್ತದಲ್ಲ!

ನಾನು ಇಷ್ಟು ಜಗಳವಾಡುವುದು ಎರಡು ಮಾರ್ಕಿಗಾಗಿ ಅಲ್ಲ. ಎಲೆ, ಹೂವಿನ ಪಾಠದಲ್ಲಿ “ಅಂದರೆ ಅಷ್ಟೇ” ಎಂದು ಕಲಿತ ಹುಡುಗಿ ಇಪ್ಪತ್ತು ವರ್ಷದ ನಂತರ ಸ್ಕ್ಯಾನಿಂಗ್ ರಿಪೋರ್ಟು ಕೈಯಲ್ಲಿ ಹಿಡಿದು ಕೂರುತ್ತಾಳೆ. ಅಲ್ಲಿಯೂ ಇರುವುದು ಇದೇ ಬಗೆಯ ಪದಗಳು: ಯಾವುದು ಎಲ್ಲಿದೆ, ಯಾವ ಕಡೆಗೆ ಒರಗಿದೆ.

ನನಗೆ ಪರಿಚಯದ ಟೀಚರೊಬ್ಬರಿಗೆ ಹೊಟ್ಟೆನೋವೆಂದು ಸ್ಕ್ಯಾನ್ ಮಾಡಿಸಿದರು. ರಿಪೋರ್ಟಿನಲ್ಲಿ “ಯೂಟೆರಸ್ ರೆಟ್ರೊವರ್ಟೆಡ್” ಎಂದಿತ್ತು. ಅಲ್ಲಿದ್ದವರು “ಗರ್ಭಕೋಶ ತಿರುಗಿದೆ” ಎಂದಷ್ಟೇ ಹೇಳಿ ಕಳಿಸಿದರು. ತಿರುಗಿದೆ ಎಂಬುದು ಮನೆ ತಲುಪುವಷ್ಟರಲ್ಲಿ ಜಾರಿದೆ ಎಂದಾಯಿತು, ರಾತ್ರಿಯ ಹೊತ್ತಿಗೆ ತೆಗೆಸಬೇಕಂತೆ ಎಂದಾಯಿತು. ಆಕೆ ಎರಡು ವಾರ ನಿದ್ದೆ ಮಾಡಲಿಲ್ಲ. ಇನ್ನೊಬ್ಬ ವೈದ್ಯೆ ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದಾಗಲೇ ಸಮಾಧಾನವಾದದ್ದು. ಹೆಚ್ಚಿನವರಲ್ಲಿ ಗರ್ಭಕೋಶ ಮುಂದಕ್ಕೆ, ಮೂತ್ರಕೋಶದ ಮೇಲೆ ಬಾಗಿರುತ್ತದೆ. ಹೆಚ್ಚುಕಡಿಮೆ ಐವರಲ್ಲಿ ಒಬ್ಬರಿಗೆ ಹಿಂದಕ್ಕೆ, ಬೆನ್ನಿನ ಕಡೆಗೆ ಒರಗಿರುತ್ತದೆ. ಕೆಲವರು ಎಡಗೈಯವರಾಗಿರುವಂತೆ ಇದೂ ಒಂದು ಬಗೆ. ಒರಗಿರುವುದೇ ಕಾಯಿಲೆಯಲ್ಲ, ನೋವಿದ್ದರೆ ಅದರ ಕಾರಣವನ್ನು ಹುಡುಕಬೇಕು. ಜಾರುವುದು ಎಂದರೆ ಬೇರೆಯೇ, ಹಿಡಿದಿಟ್ಟ ಸ್ನಾಯುಗಳು ಸಡಿಲಾಗಿ ಕೆಳಗಿಳಿಯುವುದು. “ಹಿಂದಕ್ಕೆ ಒರಗಿದೆ, ಚಿಂತೆಯಿಲ್ಲ” ಎಂಬ ಎರಡೇ ಮಾತನ್ನು ಕನ್ನಡದಲ್ಲಿ ಹೇಳಿದ್ದರೆ ಎರಡು ವಾರದ ನಿದ್ದೆ ಉಳಿಯುತ್ತಿತ್ತು.

ಬಸುರಿಯರ ರಿಪೋರ್ಟಿನಲ್ಲಿ “ಪ್ಲಾಸೆಂಟಾ ಪೋಸ್ಟೀರಿಯರ್” ಅಥವಾ “ಆಂಟೀರಿಯರ್” ಎಂದಿರುತ್ತದೆ. ಮಾಸು ಗರ್ಭಕೋಶದ ಹಿಂದಿನ ಗೋಡೆಗೆ ಅಂಟಿದೆಯೋ ಮುಂದಿನ ಗೋಡೆಗೋ ಎಂದಷ್ಟೇ ಅದರ ಅರ್ಥ. ಆದರೆ ಒಂದಾದರೆ ಗಂಡು, ಇನ್ನೊಂದಾದರೆ ಹೆಣ್ಣು ಎಂದು ಅತ್ತೆಮನೆಯಲ್ಲಿ ಪಿಸುಗುಟ್ಟುವವರನ್ನು ನಾನು ಕಂಡಿದ್ದೇನೆ, ನೀವೂ ಕಂಡಿರುತ್ತೀರಿ. ಇದು ಶುದ್ಧ ಸುಳ್ಳು. ಅದೇ ರಿಪೋರ್ಟಿನಲ್ಲಿ “ಪ್ರೀವಿಯಾ” ಎಂದಿದ್ದರೆ ಮಾಸು ಗರ್ಭಕೋಶದ ಬಾಯಿಗೆ ಅಡ್ಡವಾಗಿದೆ ಎಂದರ್ಥ. ರಕ್ತ ಹೋಗುವ ಅಪಾಯವಿರುವುದು ಅಲ್ಲಿ, ಕೂಡಲೇ ಎಚ್ಚರವಾಗಬೇಕಾದದ್ದು ಅಲ್ಲಿ. ಹಿಂದೆ ಎಂಬ ನಿರಪಾಯದ ಪದಕ್ಕೆ ಮನೆಯೆಲ್ಲ ಕಿವಿ ನಿಮಿರಿಸುತ್ತದೆ, ಅಡ್ಡ ಎಂಬ ಅಪಾಯದ ಪದ ಯಾರಿಗೂ ತಿಳಿಯದೆ ಫೈಲಿನೊಳಗೆ ಮಲಗಿರುತ್ತದೆ. ಪದ ತಿಳಿಯದಿದ್ದರೆ ಭಯ ತಪ್ಪು ಜಾಗದಲ್ಲಿ ಹುಟ್ಟುತ್ತದೆ, ಧೈರ್ಯವೂ ತಪ್ಪು ಜಾಗದಲ್ಲಿ ಹುಟ್ಟುತ್ತದೆ.

ಅಗತ್ಯವಿಲ್ಲದೆ ಗರ್ಭಕೋಶ ತೆಗೆಯುವ ದಂಧೆಯ ಬಗ್ಗೆ ಬಿಹಾರ, ಛತ್ತೀಸಗಢ, ರಾಜಸ್ಥಾನಗಳಿಂದ ದೂರು ಬಂದು, 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಇದನ್ನು ತಡೆಯುವ ಮಾರ್ಗಸೂಚಿಗಳನ್ನು ರಾಜ್ಯಗಳು ಜಾರಿಗೆ ತರಬೇಕೆಂದು ಹೇಳಿತು. ನಮ್ಮ ಕಲಬುರಗಿ ಜಿಲ್ಲೆಯ ತಾಂಡಾಗಳ ಹೆಂಗಸರ ಇಂಥದೇ ದೂರು 2015ರಲ್ಲಿ ಸುದ್ದಿಯಾಗಿತ್ತು. ಇದಕ್ಕೆ ಹಣದಾಸೆ, ಬಡತನ ಎಲ್ಲ ಕಾರಣ, ಪದಗಳೊಂದೇ ಅಲ್ಲ. ಆದರೆ ತನ್ನೊಳಗೆ ಏನು ಎಲ್ಲಿದೆ ಎಂದು ಗೊತ್ತಿಲ್ಲದವಳಿಂದ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ಸುಲಭ. ಸಹಿ ಹಾಕಲು ಬರುವ ನಾವು ಆಕೆಗಿಂತ ಬಹಳ ಮೇಲೆಂದು ಬೀಗುವುದೂ ಬೇಡ.

ಪದಗಳ ಜೊತೆ ನಾಚಿಕೆಯೂ ಬೆರೆತಿದೆ. ಹೆಣ್ಣಿನ ಹೊರ ಜನನಾಂಗಕ್ಕೆ ಲ್ಯಾಟಿನ್ನಿನಲ್ಲಿ ಪುಡೆಂಡಮ್ ಎಂಬ ಹೆಸರಿತ್ತು. ನಾಚಿಕೊಳ್ಳಬೇಕಾದದ್ದು ಎಂದು ಅದರ ಅರ್ಥ. ಅಂಗರಚನೆಯ ಪದಗಳನ್ನು ಗೊತ್ತುಮಾಡುವ ಅಂತರರಾಷ್ಟ್ರೀಯ ಪಟ್ಟಿಯ 2019ರ ಆವೃತ್ತಿಯಲ್ಲಿ ಈ ಹೆಸರನ್ನು ಕೈಬಿಟ್ಟರು. ನಮ್ಮಲ್ಲಿ? ಗುಪ್ತಾಂಗ ಎನ್ನುತ್ತೇವೆ, ಇಲ್ಲವೇ “ಆ ಜಾಗ” ಎಂದು ಕಣ್ಣು ತಗ್ಗಿಸುತ್ತೇವೆ. ಆ ಜಾಗದಲ್ಲಿ ಮುಂದೆ ಮೂತ್ರದ ದಾರಿ, ನಡುವೆ ಯೋನಿ, ಹಿಂದೆ ಗುದದ್ವಾರ ಎಂದು ಮೂರು ಬೇರೆ ಬೇರೆ ದ್ವಾರಗಳಿವೆ ಎಂಬುದನ್ನೇ ಮದುವೆಯವರೆಗೂ ತಿಳಿಯದ ಹೆಣ್ಣುಮಕ್ಕಳಿದ್ದಾರೆ. ಅದೇ ಹುಡುಗಿಗೆ ಹೂವಿನ ನಾಲ್ಕು ಸುತ್ತುಗಳ ಹೆಸರು ಕಂಠಪಾಠ ಬರುತ್ತದೆ!

ನಮ್ಮ ಸೂಲಗಿತ್ತಿಯರಿಗೆ ಈ ಮುಜುಗರವಿರಲಿಲ್ಲ. ಕೂಸು ಅಡ್ಡ ಬಿದ್ದಿದೆಯೇ, ಕಾಲು ಮುಂದಾಗಿದೆಯೇ, ತಲೆ ಕೆಳಗಿಳಿದಿದೆಯೇ ಎಂದು ಹೊಟ್ಟೆ ಮುಟ್ಟಿ ನೋಡಿ ಹೇಳುತ್ತಿದ್ದರು. ಇವೆಲ್ಲ ಜೋಡಣೆಯ ಪದಗಳೇ. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಕೊಟ್ಟು ಗೌರವಿಸಿದೆವು, ಒಳ್ಳೆಯದೇ. ಶಾಲು ಹೊದಿಸಿದ ಮೇಲೆ ಅಂಥವರ ಮಾತನ್ನು ಪುಸ್ತಕಕ್ಕೆ ಸೇರಿಸಬಾರದೆಂದು ಯಾರೂ ಹೇಳಿಲ್ಲವಲ್ಲ? ಹೆರಿಗೆ ಆಸ್ಪತ್ರೆಯಲ್ಲೇ ಆಗಲಿ, ಅದರಲ್ಲಿ ಎರಡು ಮಾತಿಲ್ಲ. ಮಾತು ಮಾತ್ರ ನಮ್ಮದಾಗಿರಲಿ.

ಇದು ಆಗದ ಕೆಲಸವೇನಲ್ಲ. 1918ರಲ್ಲೇ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರ ಜೊತೆ ಸೇರಿ “ವಿಜ್ಞಾನ” ಎಂಬ ಮಾಸಪತ್ರಿಕೆಯನ್ನು ಕನ್ನಡದಲ್ಲಿ ತಂದರು. ಸಸ್ಯಶಾಸ್ತ್ರದ ಪ್ರೊಫೆಸರಾಗಿದ್ದ ಬಿ.ಜಿ.ಎಲ್. ಸ್ವಾಮಿಯವರ “ಹಸುರು ಹೊನ್ನು” ಕಾಡಿನ ಗಿಡಗಳ ಕಥೆಯನ್ನು ನಗಿಸುತ್ತಲೇ ಹೇಳಿತು, 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನ ಪಡೆಯಿತು. ವೈದ್ಯೆಯಾಗಿದ್ದ ಅನುಪಮಾ ನಿರಂಜನ ಹೆಂಗಸರ ದೇಹದ ಬಗ್ಗೆ ಹೆಂಗಸರಿಗೆ ತಿಳಿಯುವ ಕನ್ನಡದಲ್ಲಿ ಬರೆದರು. ಮನಸ್ಸಿದ್ದವರಿಗೆ ಪದಗಳ ಬರ ಬರಲಿಲ್ಲ. ಪದಗಳಿಲ್ಲ ಎನ್ನುವವರು ಯಾರನ್ನು ಕೇಳಿ ನೋಡಿದರು ಎಂಬುದೇ ನನ್ನ ಪ್ರಶ್ನೆ. ಹೂ ಮಾರುವವಳನ್ನು ಕೇಳಿದರೆ? ಅಡಿಕೆ ಸುಲಿಯುವವಳನ್ನು ಕೇಳಿದರೆ?

ಪಠ್ಯಪುಸ್ತಕ ಬರೆಯುವವರು ಕೇಳುವವರೆಗೆ ನಾವು ಕಾಯಬೇಕಾಗಿಲ್ಲ. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಾಳೆಹೂ ಬಿಡಿಸಿ, ಮಗನನ್ನೂ ಕೂರಿಸಿಕೊಳ್ಳಿ. ಹೊದಿಕೆ ಯಾವುದು, ಸಾಲು ಯಾವುದು, ಶಲಾಕೆ ಯಾವುದು ಎಂದು ತೋರಿಸಿ. ಡಾಕ್ಟರ ಮುಂದೆ ಕೂತಾಗ “ಎಲ್ಲಿ? ಯಾವ ಕಡೆಗೆ? ಯಾವುದರ ಮೇಲೆ?” ಎಂದು ಕೇಳಿ, ಚಿತ್ರ ಬರೆದು ತೋರಿಸಿ ಎನ್ನಿ. ಅಂಗರಚನೆಯ ಶಾಸ್ತ್ರದಲ್ಲಿ ಒಂದು ನಿಯಮವಿದೆ: ಎಡ, ಬಲ ಎನ್ನುವುದು ಯಾವಾಗಲೂ ದೇಹದ ಒಡೆಯರದು, ಎದುರು ಕೂತು ನೋಡುವವರದಲ್ಲ. ಎಷ್ಟು ನ್ಯಾಯವಾದ ನಿಯಮ! ದಿಕ್ಕು ನಮ್ಮದಾದ ಮೇಲೆ ಅದನ್ನು ಹೇಳುವ ಮಾತೂ ನಮಗೆ ತಿಳಿಯುವಂತಿರಬೇಕು. ಕೇಳಿದರೆ ಅವರಿಗೆ ಬೇಸರವಾದೀತೆಂಬ ಸಂಕೋಚ ಬೇಡ. ದೇಹ ನಮ್ಮದು, ಫೀಸು ಕೊಟ್ಟವರೂ ನಾವೇ.